ನಳ ತೊಳೆದ ಹೊತ್ತು

ನಾಗವ್ವ ಠಾಣೆಯ ಬೆಂಚಿನ ಮೇಲೆ ಕೂತು ಎರಡು ತಾಸಾಗಿತ್ತು. ಅದಕ್ಕೂ ಮೊದಲು ಮೂರು ದಿನ ಆಸ್ಪತ್ರೆಯ ಬೆಂಚು. ಮಗಳು ಸ್ನೇಹಲ್‌ಳ ತಲೆಗೆ ಹನ್ನೊಂದು ಹೊಲಿಗೆ ಬಿದ್ದಿದ್ದವು. ಎಡಗಣ್ಣು ಉಳಿಯುತ್ತದೋ ಇಲ್ಲವೋ, ಡಾಕ್ಟರು ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಪುಣೆ ಬಳಿಯ ದೇಹೂ ರೋಡಿನಲ್ಲಿ ಅವರಿದ್ದ ಸಾಲುಮನೆಗಳ ಚಾಳಿನ ಹಿಂದೆ ಒಂದು ಹಿಟ್ಟಿನ ಗಿರಣಿ. ಅದರ ಮಾಳಿಗೆಯಲ್ಲಿ ಸ್ನೇಹಲ್ ಮತ್ತು ಗೆಳತಿಯರು ಭಾನುವಾರ ಸಂಜೆ ಕೂಡಿ ಪುಸ್ತಕ ಓದುತ್ತಿದ್ದರು, ಓದಿ ಜಗಳಾಡುತ್ತಿದ್ದರು. ಯಾರು ಮುಟ್ಟಿದರೆ ದೇವರು ಮೈಲಿಗೆಯಾಗುತ್ತಾನೆ ಎಂಬುದು ಆ ತಿಂಗಳ ಓದು. ಕಳೆದ ಭಾನುವಾರ ಸಂಜೆ ಆರೂವರೆಗೆ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡ ಏಳೆಂಟು ಜನ ಮೆಟ್ಟಿಲು ಹತ್ತಿ ಬಂದು ಕಪಾಟು ಕೆಡವಿದರು, ಕಲ್ಲು ತೂರಿದರು. ಅವರಲ್ಲೊಬ್ಬ ಕಲ್ಲು ಎತ್ತುವಾಗ ಕನ್ನಡದಲ್ಲಿ ಏನೋ ಕೂಗಿದನಂತೆ. ಠಾಣೆಯ ಫೌಜದಾರನಿಗೆ ಅಷ್ಟು ಸಾಕಾಯಿತು. ಆ ಓಣಿಯಲ್ಲಿ ಧರ್ಮ ಧರ್ಮ ಎನ್ನುವ ಕನ್ನಡದವನು ಒಬ್ಬನೇ: ಈರಬಸಪ್ಪ. ಅಂದೇ ರಾತ್ರಿ ಅವನನ್ನು ಹಿಡಿದು ಒಳಗೆ ಹಾಕಿದ್ದರು.

ಈರಬಸಪ್ಪ ನಾಗವ್ವನ ಪಕ್ಕದ ಮನೆಯವನು, ಅರಿವೆ ಅಂಗಡಿಯ ಗುಮಾಸ್ತ. ಹಣೆ ತುಂಬ ವಿಭೂತಿ, ಮೂರು ಹೊತ್ತು ಪೂಜೆ. ಪರರ ಮನೆಯ ನೀರು ಮುಟ್ಟುವವನಲ್ಲ. ಈ ಓದು ನಿಲ್ಲಬೇಕೆಂದು ಅದರ ಹಿಂದಿನ ಭಾನುವಾರ ಗಿರಣಿಯ ಮೆಟ್ಟಿಲ ಮೇಲೆ ಇಡೀ ದಿನ ಉಪವಾಸ ಕೂತಿದ್ದ. ಹುಡುಗಿಯರು ಅವನನ್ನು ದಾಟಿಕೊಂಡೇ ಮೇಲೆ ಹೋದರು. ಅವನು ಕಣ್ಣು ಮುಚ್ಚಿ ಕಾಲು ಮಡಚಿಕೊಂಡ. ದಾರಿ ಬಿಡಲೆಂದೋ, ಮೈ ತಾಗೀತೆಂದೋ, ಯಾರೂ ಕೇಳಲಿಲ್ಲ.

ನಾಗವ್ವನನ್ನು ಸ್ಕೂಟರಿನಲ್ಲಿ ಠಾಣೆಗೆ ಕರೆತಂದವನು ಚಾಳಿನ ಕೊನೆಯ ಮನೆಯ ಮಾಂತು. ಹತ್ತೊಂಬತ್ತರ ಹುಡುಗ, ಸ್ನೇಹಲ್‌ಗಿಂತ ಚಿಕ್ಕವನು. ಒಂದು ಮಂತ್ರ ಬಾರದು, ಒಂದು ಉಪವಾಸ ಗೊತ್ತಿಲ್ಲ. ಹಬ್ಬ ಬಂದರೆ ಬೈಕಿಗೆ ಬಾವುಟ ಕಟ್ಟಿಕೊಂಡು ಕೂಗುತ್ತ ಸುತ್ತುವ ಗುಂಪಿನಲ್ಲಿ ಇರುತ್ತಿದ್ದ, ಅಷ್ಟೇ. ನಾಗವ್ವನ ಕೈಯ ರೊಟ್ಟಿಯನ್ನು ಅವಳ ತಾಟಿನಲ್ಲೇ ಉಂಡು, ಅವಳ ಬಸಿಯಲ್ಲೇ ಚಹಾ ಕುಡಿದು ಬೆಳೆದವನು.

“ಕಾಕು, ಅವರು ಬರೆದ ಹೇಳಿಕೆಗೆ ಸಹಿ ಹಾಕಿ ಬಿಡ್ರಿ,” ಎಂದಿದ್ದ ದಾರಿಯಲ್ಲಿ. “ಒಂಬತ್ತು ವರ್ಷ ನಿಮ್ಮನ್ನ ನಾಯಿಗಿಂತ ಕಡಿ ಮಾಡ್ಯಾನ ಆ ಮುದುಕ. ಈಗ ಪೆನ್ನು ನಿಮ್ಮ ಕೈಯಾಗ ಬಂದದ.”

ಸಹಿ ಹಾಕಲು ಅವಳ ಕೈಯೂ ತುರಿಸುತ್ತಿತ್ತು.

ಒಳಗೆ ಕರೆದ ಫೌಜದಾರ ಮರಾಠಿಯಲ್ಲಿ ಟೈಪಾಗಿದ್ದ ಹೇಳಿಕೆಯನ್ನು ಓದಿ ಹೇಳಿದ. ಈರಬಸಪ್ಪ ಬೆದರಿಕೆ ಹಾಕಿದ್ದ, ಆರೂವರೆಗೆ ಗಿರಣಿಯ ಕಡೆ ಹೋಗುವುದನ್ನು ನಾನು ನೋಡಿದೆ, ಇಷ್ಟೇ. ಇವತ್ತು ಮೆಟ್ಟಿಲ ಮೇಲೆ ಕೂತವನು ನಾಳೆ ಕಲ್ಲು ಒಗೆಯುತ್ತಾನೆ, ಕಟ್ಟರ್ ಜನ ಎಲ್ಲ ಒಂದೇ ಎಂದು ತಾನೇ ಸಮಾಧಾನವನ್ನೂ ಹೇಳಿದ.

ಆರೂವರೆ. ನಾಗವ್ವ ಪೆನ್ನು ಕೆಳಗಿಟ್ಟಳು.

ಸಂಜೆ ಆರಕ್ಕೆ ಚಾಳಿಗೆ ನೀರು ಬರುತ್ತದೆ, ಒಂದೇ ತಾಸು. ಅವತ್ತು ಅವಳು ಕೊಡ ತುಂಬಿ ಸರಿದದ್ದೇ ತಡ, ಈರಬಸಪ್ಪ ಹುಣಸೆಹಣ್ಣು, ಬೂದಿ ತಂದು ನಳದ ಬಾಯಿ ತಿಕ್ಕತೊಡಗಿದ್ದ. ಒಂಬತ್ತು ವರ್ಷದ ದಿನಚರಿ ಅದು. ಅವಳು ಮುಟ್ಟಿದ ನಳ ತೊಳೆಯದೆ ಅವನ ಪೂಜೆಗೆ ನೀರಿಲ್ಲ. ಆ ಗಸಗಸ ಸಪ್ಪಳದ ನಡುವೆಯೇ ಗಿರಣಿಯ ಕಡೆಯಿಂದ ಗಾಜು ಒಡೆದದ್ದು, ಹುಡುಗಿಯರು ಚೀರಿದ್ದು ಇಬ್ಬರಿಗೂ ಕೇಳಿತ್ತು. ಅವಳು ಕೊಡ ಚೆಲ್ಲಿ ಓಡಿದಳು. ಅವನು ತೊಳೆಯುತ್ತಲೇ ಇದ್ದ.

ಈ ಅವಮಾನವನ್ನು ಅವಳು ಮಗಳ ಮುಂದೆಯೂ ಬಾಯಿಬಿಟ್ಟು ಆಡಿದವಳಲ್ಲ. ಈಗ ಪೊಲೀಸರ ಮುಂದೆ ಆಡಿದಳು. ಫೌಜದಾರ ಕಾಗದ ತಿರುವಿ ನೋಡಿದ. ನಳದ ಹತ್ತಿರ ಇದ್ದೆ ಎಂದು ಈರಬಸಪ್ಪ ಮೊದಲ ದಿನವೇ ಬರೆಸಿದ್ದ. ಸಾಕ್ಷಿ ಯಾರು ಎಂದದ್ದಕ್ಕೆ, ಅಲ್ಲಿ ಯಾರೂ ಇರಲಿಲ್ಲ ಎಂದಿದ್ದ.

ಲಾಕಪ್ಪಿನಿಂದ ಅವನನ್ನು ಕರೆತಂದರು. ವಿಭೂತಿ ಇಲ್ಲದ ಹಣೆ ಬೋಳಾಗಿತ್ತು. ಮೂರು ದಿನ ಠಾಣೆಯ ಅನ್ನ ಮುಟ್ಟಿರಲಿಲ್ಲವಂತೆ.

“ನಾ ಇರಲಿಲ್ಲೇನ್ರಿ ಅಲ್ಲಿ?” ಎಂದಳು ನಾಗವ್ವ.

ಅವನು ನೆಲ ನೋಡಿದ. “ಇದ್ರಿ,” ಎಂದ. ಒಂಬತ್ತು ವರ್ಷದಲ್ಲಿ ಅವಳೊಂದಿಗೆ ಆಡಿದ ಮೊದಲ ಮಾತು.

“ನೀವೇನು ಮಾಡ್ತಿದ್ರಿ?”

“ನಳ ತೊಳೀತಿದ್ದೆ. ನಾಳೆನೂ ತೊಳೀತೀನಿ. ಹಿರೇರು ಹಾಕಿದ ಪದ್ಧತಿ, ನಾ ಬಿಡೂದಿಲ್ಲ. ಆದ್ರ ಯಾರ ಮ್ಯಾಲೂ ಕೈ ಎತ್ತಿದವ ಅಲ್ಲ ನಾ.”

“ಖರೆ. ಎತ್ತಿಲ್ಲ. ಕೈ ಎತ್ತದನ ಒಂಬತ್ತು ವರ್ಷ ಹೊಡದ್ರಿ.”

ಫೌಜದಾರ ಬೇಸರದಿಂದ ಇನ್ನೊಂದು ಹಾಳೆ ತೆಗೆದು, ಆ ಹೊತ್ತಿಗೆ ಈರಬಸಪ್ಪ ನಳದ ಬಳಿ ನೀರು ತುಂಬುತ್ತಿದ್ದ ಎಂದು ಬರೆದ. ನಾಗವ್ವ ತಡೆದಳು. ತುಂಬುತ್ತಿರಲಿಲ್ಲ, ತೊಳೆಯುತ್ತಿದ್ದ, ಯಾಕೆ ತೊಳೆಯುತ್ತಿದ್ದ ಎಂಬುದೂ ಬರಬೇಕು. ಹಾಗೆ ಬರೆದರೆ ಇವನ ಮೇಲೆ ಅಸ್ಪೃಶ್ಯತೆಯ ಬೇರೆ ಕೇಸಾಗುತ್ತದೆ, ನೀನೇ ಬಿಡಿಸಿ ನೀನೇ ಸಿಕ್ಕಿಸಿದಂತೆ, ವರ್ಷಗಟ್ಟಲೆ ಶಿವಾಜಿನಗರದ ಕೋರ್ಟಿಗೆ ಅಲೆಯಬೇಕಾದೀತು ಎಂದು ಫೌಜದಾರ ಹೆದರಿಸಿ ನೋಡಿದ.

“ಎರಡೂ ಬರೀರಿ ಸಾಹೇಬ,” ಎಂದು ಅವನ ಮರಾಠಿಯಲ್ಲೇ ಹೇಳಿದಳು. ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. “ಕಲ್ಲು ಒಗೆದಿಲ್ಲ ಅಂತ ಬರೀರಿ. ನಳ ತೊಳೆದಾನ ಅಂತನೂ ಬರೀರಿ. ಒಂದು ಬಿಟ್ರ ಇನ್ನೊಂದೂ ಸುಳ್ಳ ಆಗ್ತದ.”

ಅವನು ಬರೆದ. ಅವಳು ಸಹಿ ಹಾಕಿದಳು. ಹಾಗಾದರೆ ಕಲ್ಲು ಒಗೆದವನು ಯಾರು ಎಂದು ಫೌಜದಾರ ಕೇಳಿದ. ಅವನು ಕನ್ನಡದಲ್ಲಿ ಕೂಗಿದ್ದಾದರೂ ಏನು?

ಮೂರು ದಿನದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳದಿರಲಿ ಎಂದೇ ನಾಗವ್ವ ಕಾದಿದ್ದಳು. ಬ್ಯಾಂಡೇಜಿನೊಳಗಿಂದ ಮಗಳು ಹೇಳಿದ್ದಳು: ‘ಅಕ್ಕಾ, ನೀ ಬಾಜೂಕ ಸರಿ’ ಅಂದ ಅವ್ವಾ, ಯಾರು ಅಂತ ತಿರುಗಿದೆ, ಬಡೀತು. ಚಾಳಿನಲ್ಲಿ ಸ್ನೇಹಲ್‌ಳನ್ನು ಅಕ್ಕಾ ಎನ್ನುವವನು ಒಬ್ಬನೇ. ಈರಬಸಪ್ಪ ನಾಗವ್ವನ ಮನೆಯ ಯಾರನ್ನೂ ಏನೂ ಎಂದು ಕರೆದವನಲ್ಲ.

ಅಷ್ಟರಲ್ಲಿ ಮಾಂತು ಚಹಾದ ಲೋಟ ಹಿಡಿದು ಬಾಗಿಲಿಗೆ ಬಂದ. “ಮುಗೀತೇನ್ರಿ ಕಾಕು? ಆರತದ ನೋಡ್ರಿ, ಕುಡೀರಿ.”

ನಾಗವ್ವ ಲೋಟಕ್ಕೆ ಕೈ ಚಾಚಲಿಲ್ಲ.

“ನಿಮ್ಮ ಅಕ್ಕ ಸರಿಯೂತನಕನಾದ್ರೂ ತಡೀಬೇಕಿತ್ತಲ್ಲೋ ಮಾಂತು.”

ಚಹಾ ಅವನ ಬೆರಳ ಮೇಲೆ ಚೆಲ್ಲಿತು. ಫೌಜದಾರನಿಗೆ ಕನ್ನಡ ಬಾರದು; ಏನಂದಳು ಎಂದು ಈರಬಸಪ್ಪನನ್ನು ಕೇಳಿದ.

ನಾಗವ್ವ ಬೆನ್ನನ್ನು ಕುರ್ಚಿಗೆ ಆನಿಸಿ, ಮರಾಠಿಯಲ್ಲಿ, ಮೊದಲಿನಿಂದ ಹೇಳತೊಡಗಿದಳು.