ಮೋತಿಯ ರಕ್ತದ ವರದಿ

೧೯೮೪ರ ಮೇ ಏಳರಂದು ರಾಯಚೂರಿನಿಂದ ಮಾನ್ವಿಗೆ ಹೊರಟಿದ್ದ ಬಸ್ಸಿನ ಟೈರು ಕಲ್ಲೂರಿನ ಹತ್ತಿರ ಒಡೆಯಿತು. ಮತ್ತೆ ಹೊರಡಲು ಎರಡೂವರೆ ತಾಸು ಹಿಡಿಯಿತು. ಮಾನ್ವಿಯ ದನದ ದವಾಖಾನೆಯ ಕಾಂಪೌಂಡರ್ ಪಕೀರಪ್ಪನ ತೊಡೆಯ ಮೇಲಿದ್ದ ಥರ್ಮಾಸಿನಲ್ಲಿ ನಾಯಿಗಳಿಗೆ ಹಾಕುವ ಹುಚ್ಚುರೋಗದ ಲಸಿಕೆ ಇತ್ತು. ಮುಚ್ಚಳ ತೆಗೆದು ನೋಡಿದ. ಐಸ್ ಪೂರ್ತಿ ಕರಗಿ ನೀರು ಬೆಚ್ಚಗಾಗಿತ್ತು.

ಬೆಚ್ಚಗಾದ ಲಸಿಕೆಯನ್ನು ಚೆಲ್ಲಬೇಕೆಂದು ಅವನಿಗೆ ಗೊತ್ತಿತ್ತು. ಚೆಲ್ಲಲಿಲ್ಲ. ಮಾನ್ವಿಯಲ್ಲಿ ಇಳಿದವನೇ ಶರಬತ್ತಿನ ಅಂಗಡಿಯಿಂದ ಐಸ್ ತಂದು ತುಂಬಿದ. ದವಾಖಾನೆಯ ಡಾಕ್ಟರ್ ಅಬ್ದುಲ್ ವಹೀದ್ ಲಸಿಕೆಯ ಶೀಶೆ ಮುಟ್ಟಿ ನೋಡಿದರು.

"ಶಾಬಾಸ್. ಈ ಬಿಸಲಾಗೂ ತಣ್ಣಗ ತಂದೀಯಲ್ಲೋ."

ಮರುದಿನ ಹದಿಮೂರು ನಾಯಿಗಳಿಗೆ ಚುಚ್ಚಿದರು.

ಡಾಕ್ಟರು ದೇವದುರ್ಗದಿಂದ ವರ್ಗವಾಗಿ ಬಂದವರು. ಲಸಿಕೆ ಹಾಕಿಸಿದ್ದ ನಾಯಿಯೇ ಕಚ್ಚಿ ಅಲ್ಲೊಬ್ಬ ಸತ್ತದ್ದನ್ನು ಕಂಡಿದ್ದರು. ಹಾಗಾಗಿ ತಿಂಗಳಾದ ಮೇಲೆ ನಾಲ್ಕು ನಾಯಿಗಳ ರಕ್ತ ತೆಗೆದು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ರಕ್ತದ ತಿಳಿಯನ್ನು ರೋಗದ ವೈರಸ್ಸಿನೊಂದಿಗೆ ಬೆರೆಸಿ ಇಲಿಗಳಿಗೆ ಚುಚ್ಚುತ್ತಾರೆ. ತಿಳಿಯನ್ನು ಎಷ್ಟು ಹೆಚ್ಚು ತೆಳುಮಾಡಿದ ಮೇಲೂ ಇಲಿ ಬದುಕುತ್ತದೋ ನಾಯಿಗೆ ಅಷ್ಟು ಬಲವಾದ ರಕ್ಷಣೆ ಇದೆ ಎಂದರ್ಥ.

ಆ ನಾಲ್ಕರಲ್ಲಿ ಕಾಯಿಪಲ್ಲೆ ಮಾರುವ ಅಮೀರ್ ಬೀಯ ಮೋತಿಯೂ ಒಂದು. ರಕ್ತ ಕೊಟ್ಟ ಐದನೆಯ ದಿನ ಹುಚ್ಚುನಾಯಿಯೊಂದು ಅದರ ಕಿವಿ ಕಚ್ಚಿ ಹರಿಯಿತು. ಪಕ್ಕದ ಮನೆಯ ಖಾಜಾಮಿಯಾ ಮೋತಿಯನ್ನು ಕೊಲ್ಲಲು ಬಡಿಗೆ ಹಿಡಿದು ಬಂದ. ಅಮೀರ್ ಬೀ ಲಸಿಕೆಯ ಚೀಟಿ ಅವನ ಮುಖಕ್ಕೆ ಹಿಡಿದಳು.

"ನಿನಗ ಹಾಕ್ಯಾರೇನು ಇಂಥಾದ್ದು? ಮೊದಲ ನೀ ಹಾಕ್ಸಿಕೊಂಡು ಬಾ!"

ವರದಿ ಬರುವವರೆಗೆ ಕಟ್ಟಿಹಾಕಿರಿ ಎಂದರು ಡಾಕ್ಟರು. ದವಾಖಾನೆಯಲ್ಲಿ ಬೇರೆ ಲಸಿಕೆ ಉಳಿದಿರಲಿಲ್ಲ. ಪಕೀರಪ್ಪ ದಿನಾ ಅವಳ ಬಾಗಿಲಿಗೆ ಹೋಗಿ ನಾಯಿಯನ್ನು ನೋಡಿ ಬರುತ್ತಿದ್ದ. ಪ್ರತಿಸಲವೂ ಲಸಿಕೆ ಬೆಚ್ಚಗಾದದ್ದನ್ನು ಹೇಳಬೇಕೆಂದುಕೊಂಡು ಹೋಗುತ್ತಿದ್ದ. ಅವಳು ಅದಕ್ಕೆ ಕೈಯಿಂದಲೇ ರೊಟ್ಟಿ ತಿನ್ನಿಸುವುದನ್ನು ಕಂಡು ಹಾಗೇ ತಿರುಗಿ ಬರುತ್ತಿದ್ದ.

ಹುಚ್ಚುನಾಯಿ ಕಚ್ಚಿದ ಹತ್ತೊಂಬತ್ತನೆಯ ದಿನ ಹೋದಾಗ ಮೋತಿಯ ದವಡೆ ಜೋತಿತ್ತು, ಜೊಲ್ಲು ಇಳಿಯುತ್ತಿತ್ತು. ಅಮೀರ್ ಬೀ ಅದರ ಗಂಟಲಲ್ಲಿ ಎರಡು ಬೆರಳು ಇಳಿಸಿದ್ದಳು.

"ಎಲುಬು ಸಿಕ್ಕೊಂಡದ ನೋಡಪಾ, ನುಂಗಾಕ ಆಗವಲ್ದು."

"ಕೈ ತೆಗಿ ಯವ್ವಾ! ಎಲುಬಲ್ಲ ಅದು!"

"ಯಾಕ ಚೀರ್ತೀಯೋ? ಸೂಜಿ ಹಾಕೂವಾಗ ಇದನ್ನ ಹಿಡಕೊಂಡಾಂವ ನೀನ ಅಲ್ಲೇನು?"

"ಆ ಔಷಧ ಬಿಸಲಾಗ ಕೆಟ್ಟಿತ್ತು. ನನಗ ಗೊತ್ತಿತ್ತು."

ಅವಳು ಬೆರಳು ಹೊರತೆಗೆದಳು. ಉಗುರಿನ ಪಕ್ಕ ಹಲ್ಲು ತಾಗಿ ಚರ್ಮ ಕಿತ್ತಿತ್ತು. ಪಕೀರಪ್ಪ ಸೋಪು ಹಚ್ಚಿ ಗಾಯ ತೊಳೆಯುತ್ತಲೇ ಇದ್ದ.

ಹುಚ್ಚುನಾಯಿ ಕಚ್ಚಿದವರಿಗೆ ದಿನಕ್ಕೊಂದರಂತೆ ಹಾಕುವ ಹದಿನಾಲ್ಕು ಸೂಜಿಗಳಲ್ಲಿ ಮೊದಲನೆಯದು ಅಂದೇ ಸರಕಾರಿ ಆಸ್ಪತ್ರೆಯಲ್ಲಿ ಅವಳ ಹೊಟ್ಟೆಗೆ ಬಿತ್ತು. ಮೂರನೆಯ ದಿನ ಮೋತಿ ಸತ್ತಿತು. ಆರನೆಯ ದಿನ ವರದಿ ಬಂತು: ನಾಲ್ಕೂ ನಾಯಿಗಳ ರಕ್ತದಲ್ಲಿ ರಕ್ಷಣೆ ಇಲ್ಲ, ಇಲಿಗಳೆಲ್ಲ ಸತ್ತಿವೆ. ಅಷ್ಟರಲ್ಲಿ ಎಲ್ಲವನ್ನೂ ಒಪ್ಪಿಕೊಂಡಿದ್ದ ಪಕೀರಪ್ಪನ ಮೇಲೆ ಡಾಕ್ಟರು ಮೇಲಧಿಕಾರಿಗಳಿಗೆ ಕಾಗದ ಬರೆದರು. ಉಳಿದ ಹನ್ನೆರಡು ಮನೆಗಳ ಪಟ್ಟಿಯನ್ನು ಅವನ ಕೈಗೇ ಕೊಟ್ಟರು.

"ನೀನ ಹೋಗು. ನಿನ್ನ ಬಾಯಿಲೇ ಹೇಳಿ ಬಾ."

ಅಮೀರ್ ಬೀ ಡಾಕ್ಟರನ್ನು ಕೇಳಿದಳು: "ನನ್ನ ರಕ್ತಾನೂ ಹಂಗ ಪರೀಕ್ಷಾ ಮಾಡಾಕ ಬರ್ತದೇನ್ರಿ, ಸೂಜಿ ಹತ್ಯಾವೋ ಇಲ್ಲೋ ಅಂತ?"

"ಮೊದಲ ಹದಿನಾಲ್ಕೂ ಮುಗೀಲಿ, ಅಮ್ಮಾ."

"ಅಲ್ಲೀತನಾ ಏನ ಮಾಡ್ಲಿ?"



ಈ ರೋಗ ಹತ್ತಿದವರ ಗಂಟಲಲ್ಲಿ ನೀರು ಇಳಿಯದೆಂಬುದು ಊರಿಗೆಲ್ಲ ಗೊತ್ತು. ಅಂದಿನಿಂದ ಅಮೀರ್ ಬೀ ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ನೀರು ಕುಡಿದು ನೋಡುತ್ತಿದ್ದಳು. ಪಕೀರಪ್ಪ ಬಾಗಿಲಲ್ಲಿ ನಿಂತು, ಲೋಟ ಖಾಲಿಯಾಗುವವರೆಗೂ ಉಸಿರು ಬಿಡುತ್ತಿರಲಿಲ್ಲ.