ಒಂದೇ ಛತ್ರಿಯ ಮನೆ

ಆ ಮನೆಯ ಗೋಡೆಯೊಳಗಿನ ತಂತಿಯನ್ನು ಹೊರಗೆಳೆದರೆ ಅದು ಕಲ್ಲೋಳಿಯಿಂದ ಹುಕ್ಕೇರಿಗೆ ಹೋಗಿ, ಅಲ್ಲೊಂದು ಚಹಾ ಕುಡಿದು, ಗೋಕಾಕದ ಮೇಲಿಂದ ತಿರುಗಿ ಊರಿಗೆ ಬರುತ್ತದೆ. ಮಿಕ್ಕದ್ದರಲ್ಲಿ ಎರಡು ಎಮ್ಮೆ ಕಟ್ಟಬಹುದು. ಅರ್ಧ ಸುಳ್ಳು, ಒಪ್ಪಿದೆ. ಉಳಿದರ್ಧ ಗೋಡೆಯೊಳಗೇ ಇದೆ, ನಂಬದವರು ಒಡೆದು ನೋಡಲಿ.

ಆ ತಂತಿಯ ಕೊನೆಯ ತುದಿ ಈಗ ಕೇದಾರಿಯ ಹಲ್ಲುಗಳ ನಡುವೆ ಇತ್ತು. ಗೋಕಾಕದ ಕಾಲೇಜೊಂದರಲ್ಲಿ ಹನ್ನೊಂದು ವರ್ಷದಿಂದ ಎಲೆಕ್ಟ್ರಾನಿಕ್ಸ್ ಕಲಿಸುವ ಮನುಷ್ಯ ರವಿವಾರ ಮುಂಜಾನೆ ತಾಯಿಯ ಮಂಚದ ಕೆಳಗೆ ಬೋರಲು ಮಲಗಿದ್ದ.

"ಏನ ಹುಡುಕಾಕತ್ತೀಯೋ ಅಲ್ಲಿ?" ಮಂಚದ ಮೇಲಿಂದ ಕಾಡವ್ವ ಕೇಳಿದಳು. "ನಾ ಏನ ಬಂಗಾರ ಇಟ್ಟಿಲ್ಲ."

"ಟಿವಿ ತಂತಿ, ಯವ್ವಾ."

"ನಿಮ್ಮಪ್ಪ ಮಾಳಗಿ ಮ್ಯಾಲ ಒಂದ ಕಡ್ಡಿ ನಿಲ್ಲಿಸಿದ್ದ. ಅರ್ಧಾ ಊರು ಬಂದು ಕುಂತು ನೋಡತಿತ್ತು. ನೀ ಅಷ್ಟ ಸಾಲಿ ಕಲತು ಮಂಚದ ಬುಡಕ ಸೇರಿದಿ ನೋಡ."

ಕೇದಾರಿಯ ಬಳಿ ಉತ್ತರವಿತ್ತು. ಬಾಯಲ್ಲಿ ಮತ್ತೆ ತಂತಿ ಇತ್ತು.

ಆ ಊರಲ್ಲಿ ಅಣ್ಣತಮ್ಮಂದಿರು ಬೇರೆಯಾದರೋ ಇಲ್ಲವೋ ಎಂದು ತಿಳಿಯಲು ಯಾರೂ ಒಲೆ ಎಣಿಸುವುದಿಲ್ಲ. ಕತ್ತು ಎತ್ತಿ ಮಾಳಿಗೆ ನೋಡುತ್ತಾರೆ. ಒಂದು ಡಿಶ್ ಛತ್ರಿ ಇದ್ದರೆ ಒಂದು ಮನೆ. ಎರಡನೆಯದು ಎದ್ದು ನಿಂತಿತೋ, ಸಂಜೆಯೊಳಗೆ ಕಟ್ಟೆಯ ಮೇಲಿನ ಮಂದಿ ಹೊಲಕ್ಕೆ ಬದುವನ್ನೂ ಹಾಕಿಬಿಡುತ್ತಾರೆ. ಕೇದಾರಿಯ ತಮ್ಮ ಪರಶುರಾಮ ಆ ಎರಡನೆಯ ಛತ್ರಿಯನ್ನು ತಂದು ಐದು ತಿಂಗಳಾಗಿತ್ತು. ಅದು ದನದ ಕೊಟ್ಟಿಗೆಯಲ್ಲಿ ಅಂಗಾತ ಬಿದ್ದಿತ್ತು. ಕೋಳಿಯೊಂದು ಅದರಲ್ಲಿ ಮೊಟ್ಟೆ ಇಡಲು ಶುರುಮಾಡಿತ್ತು.

ಕಾರಣ ಪಡಸಾಲೆಯ ಒಂದೇ ಟಿವಿ. ಪರಶುರಾಮನಿಗೆ ಕುಸ್ತಿ, ಅವನ ಹೆಂಡತಿ ದೀಪಾಳಿಗೆ ಧಾರಾವಾಹಿ, ಕಾಡವ್ವನಿಗೆ ಭಜನೆ, ಕೇದಾರಿಯ ಹೆಂಡತಿ ನಂದಿನಿಗೆ ಅಡುಗೆ. ಚಹಾ ಮಾಡಿದವರ ಕೈಗೆ ರಿಮೋಟ್ ಎಂದು ಕಾಡವ್ವ ನೇಮ ಹಾಕಿದ್ದಳು. ಅದರಿಂದ ಮನೆಯಲ್ಲಿ ದಿನಕ್ಕೆ ಒಂಬತ್ತು ಸಲ ಚಹಾ ಆಗತೊಡಗಿತು, ಜಗಳ ಹತ್ತು ಸಲ. ಕೊನೆಗೆ ಪರಶುರಾಮ, "ಇನ್ನೊಂದ ರವಿವಾರ ನೋಡತೀನಿ ಅಣ್ಣಾ, ಆಮ್ಯಾಲ ನನ್ನ ಛತ್ರಿ ಮ್ಯಾಲ ಏರತೈತಿ" ಎಂದ.

ಆ ರವಿವಾರ ಇವತ್ತು.

ಒಡೆದ ಮನೆಯಲ್ಲಿ ಬಾಳುವುದನ್ನು ಕೇದಾರಿ ಊಹಿಸಿಕೊಳ್ಳಲಾರ. ಒಡೆಯದ ಮನೆಯಲ್ಲಿ ತಾನು ಹೇಗೆ ಬಾಳುತ್ತಿದ್ದೇನೆಂದೂ ಅವನು ಯೋಚಿಸಿದವನಲ್ಲ. ಒಂದೇ ಛತ್ರಿಯಿಂದ ಎಲ್ಲರ ಕೋಣೆಗೂ ಟಿವಿ ಕೊಡಲೆಂದು ಕಂಪ್ಯೂಟರಿಗೆ ಹಾಕುವ ನೆಟ್‌ವರ್ಕ್ ಕೇಬಲ್ ತಂದ. ಪಡಸಾಲೆಯಲ್ಲಿ ಛತ್ರಿಯ ಸೆಟ್‌ಟಾಪ್ ಡಬ್ಬಿ, ಅದರ ಪಕ್ಕ ಚಿತ್ರವನ್ನು ಹಂಚುವ ಅಂಗೈಯಗಲದ ಪೆಟ್ಟಿಗೆ, ಅಲ್ಲಿಂದ ಮೂರು ಕೋಣೆಗೆ ಮೂರು ತಂತಿ, ಕೋಣೆಗೊಂದು ಹೊಸ ಟಿವಿ. ತಂತಿಯೊಳಗೆ ಎಂಟು ಬಣ್ಣದ ಎಳೆಗಳು. ಕ್ರಮ ತಪ್ಪದಂತೆ ಒಂದೊಂದನ್ನೂ ನೆಟ್ಟಗೆ ಮಾಡಿ, ಸಾಲಾಗಿ ಹಿಡಿದು, ಪ್ಲಗ್ಗಿನೊಳಗೆ ತೂರಿಸಿ ಇಕ್ಕಳದಿಂದ ಒತ್ತಿದ. ಎಂಟು ಎಳೆಗಳು ಜಗಳವಿಲ್ಲದೆ ಪಕ್ಕ ಪಕ್ಕ ಕುಳಿತವು. ಅವನಿಗೆ ಕಣ್ಣು ತುಂಬಿ ಬಂತು. ಮಂಚದ ಕೆಳಗಿನ ಧೂಳು ಇರಬೇಕು.

ಮಧ್ಯಾಹ್ನ ಊಟವಾದ ಮೇಲೆ ಡಬ್ಬಿಗೆ ಕಾಡವ್ವ ಕುಂಕುಮ ಹಚ್ಚಿದಳು. ಎಲ್ಲರೂ ತಂತಮ್ಮ ಕೋಣೆಗೆ ಹೋದರು. ಕೇದಾರಿ ಪಡಸಾಲೆಯಲ್ಲಿ ಗುಂಡಿ ಒತ್ತಿ, ಬಂತೇ ಎಂದು ಫೋನಿನಲ್ಲಿ ಬರೆದು ಕೇಳಿದ. ಹತ್ತು ಹೆಜ್ಜೆ ಆಚೆಯ ಕೋಣೆಯಿಂದ ನಂದಿನಿ ಹೆಬ್ಬೆರಳಿನ ಚಿತ್ರ ಕಳಿಸಿದಳು. ಪರಶುರಾಮ ಎರಡು ಹೆಬ್ಬೆರಳು ಕಳಿಸಿದ. ಕಾಡವ್ವನಿಗೆ ಫೋನಿಲ್ಲ, ಒಳಗಿಂದ ಭಜನೆ ಕೇಳಿತು. ಹಾಗೆಂದರೆ ಬಂದಿತ್ತು.

ಎರಡು ನಿಮಿಷಕ್ಕೆ ದೀಪಾ ಬಾಗಿಲಲ್ಲಿ ನಿಂತಿದ್ದಳು.

"ಭಾವಾರ, ನಮ್ಮ ಖೋಲ್ಯಾಗೂ ಭಜನಿನ ಬರಾಕತ್ತೈತಲ್ರಿ?"

ಅವಳ ಬೆನ್ನಿಗೆ ಪರಶುರಾಮ. "ಅಣ್ಣಾ, ಕುಸ್ತಿ ಹೆಂಗ ಹಚ್ಚೂದು?"

ಕೇದಾರಿ ಡಬ್ಬಿ ನೋಡಿದ. ಒಂದು ಡಬ್ಬಿ ಒಂದು ಹೊತ್ತಿಗೆ ಒಂದೇ ಚಾನಲ್ ಕೊಡುತ್ತದೆ. ಇದನ್ನು ಅವನು ಮೊದಲ ವರ್ಷದ ಮಕ್ಕಳಿಗೆ ಹೇಳಿಕೊಡುತ್ತಾನೆ. ಪರೀಕ್ಷೆಯಲ್ಲಿ ಕೇಳುತ್ತಾನೆ. ಬರೆಯದವರನ್ನು ನಪಾಸು ಮಾಡುತ್ತಾನೆ. ಮನೆ ಒಂದಾಗಿರಬೇಕೆಂಬ ಭರದಲ್ಲಿ ಅದು ಅವನ ತಲೆಯಿಂದಲೇ ಜಾರಿಹೋಗಿತ್ತು.

"ಡಬ್ಬಿ ಒಂದ ಐತಿ," ಎಂದ. "ಹಂಗಾಗಿ ಚಾನಲ್ಲೂ... ಒಂದ."

ಇನ್ನೇನು ಪರಶುರಾಮ ಕೊಟ್ಟಿಗೆಗೆ ನಡೆಯುತ್ತಾನೆ, ಕೋಳಿ ಕೂಗುತ್ತದೆ, ಛತ್ರಿ ಮೇಲೇರುತ್ತದೆ.

"ಇರಲಿ ಬಿಡ," ಎಂದ ಪರಶುರಾಮ.

"ಆತ್ ಬಿಡ್ರಿ ಭಾವಾರ, ಏನರ ಒಂದು ನಡದ್ರ ಸಾಕು," ಎಂದಳು ದೀಪಾ.

ಇಬ್ಬರೂ ಕೋಣೆಗೆ ಹೋದರು. ಚಿಲಕ ಬಿತ್ತು. ಭಜನೆಯೆಂದರೆ ತಲೆನೋವು ಎನ್ನುವ ದೀಪಾ ಭಜನೆ ನೋಡತೊಡಗಿದಳು. ಐದು ತಿಂಗಳು ಇವರು ಜಗಳಾಡಿದ್ದು ಚಾನಲ್ಲಿಗಲ್ಲ, ಒಂದು ಬಾಗಿಲಿಗೆ ಎಂಬುದು ಎಲೆಕ್ಟ್ರಾನಿಕ್ಸಿನ ಯಾವ ಪುಸ್ತಕದಲ್ಲೂ ಇರಲಿಲ್ಲ.

ನಾಲ್ಕು ಗಂಟೆಗೆ ನಂದಿನಿ ಚಹಾ ತಂದಳು. ನೇಮದಂತೆ ಕೇದಾರಿ ರಿಮೋಟ್ ಚಾಚಿದ.

"ನನಗ್ಯಾಕ್ರಿ? ಒಳಗ ಕುಂತ್ರ ಇದು ನಡ್ಯಾಂಗಿಲ್ಲಲ್ಲ."

"ಹಂಗಾದ್ರ ಇಲ್ಲೇ ಕುಂಡ್ರು."

"ನೀವ ಕುಂಡ್ರಿ. ಒತ್ತಾಕ ಯಾರರ ಒಬ್ರು ಬೇಕಲ್ರಿ."

ಅವಳು ಉಳಿದ ಬಟ್ಟಲುಗಳನ್ನು ಕೋಣೆಗಳಿಗೆ ಕೊಟ್ಟು, ತನ್ನದನ್ನು ತೆಗೆದುಕೊಂಡು ಒಳಗೆ ಹೋದಳು. ತಮ್ಮಿಬ್ಬರ ಕೋಣೆಗೂ ಚಿಲಕವಿದೆಯೆಂದು ಕೇದಾರಿಗೆ ಅವತ್ತೇ ಗೊತ್ತಾದದ್ದು.

ಬಾಗಿಲಲ್ಲಿ ನೆರೆಮನೆಯ ಉದ್ದವ್ವ ಇಣುಕಿದಳು. ಮಾಳಿಗೆಯ ಛತ್ರಿ ಎಣಿಸಿಯೇ ಬಂದಿದ್ದಳು.

"ಮೂರ ಟಿವಿ ಬಂದ್ರೂ ಛತ್ರಿ ಒಂದ ಐತಲ್ಲೋ ಮಾಸ್ತರಾ! ಒಗ್ಗಟ್ಟಂದ್ರ ಹಿಂಗಿರಬೇಕು. ಎಲ್ಲಿ, ಮಂದಿ ಕಾಣವಲ್ರು?"

"ಅದಾರ ಎಲ್ಲಾರೂ."

"ಎಲ್ಲಿ?"

"ಮನ್ಯಾಗ."

ಉದ್ದವ್ವ ಖಾಲಿ ಪಡಸಾಲೆಗೊಮ್ಮೆ ಕೈಮುಗಿದಂತೆ ಮಾಡಿ ಹೋದಳು.

ಕೇದಾರಿ ಕುಸ್ತಿ ಹಾಕಿದ. ಯಾರೂ ಏನೂ ಅನ್ನಲಿಲ್ಲ. ಧಾರಾವಾಹಿ ಹಾಕಿದ. ಶಾಂಪೂ ಮಾರುವವಳನ್ನು ಹಾಕಿದ. ಗೋಡೆಯಾಚೆ ಮೂರು ಕಡೆ ಅದೇ ಶಾಂಪೂ ನೊರೆಯಾಯಿತು. ಅವನಿಗೆ ಸಣ್ಣಗೆ ಹೆದರಿಕೆಯಾಯಿತು. ಡಬ್ಬಿಯ ಅಡಾಪ್ಟರನ್ನು ಕಿತ್ತು ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಈಗ ಮೂರೂ ಕೋಣೆಯಲ್ಲಿ ನೀಲಿ ಪರದೆ, ಅದರ ಮೇಲೆ ಸಿಗ್ನಲ್ ಇಲ್ಲವೆಂಬ ಅಕ್ಷರ. ಈಗ ಬರುತ್ತಾರೆ. ಬೈಯಲಾದರೂ ಬರುತ್ತಾರೆ.

ಬಟ್ಟಲಿನ ಚಹಾ ಕೆನೆಗಟ್ಟಿತು. ಬಾಗಿಲುಗಳ ಕೆಳಗಿನ ಸಂದಿಯಲ್ಲಿ ನೀಲಿ ಬೆಳಕು ಅಲುಗದೆ ನಿಂತಿತ್ತು. ಫೋನು ಬಡಿದುಕೊಳ್ಳಲಿಲ್ಲ.

ಅವನು ಮಾಳಿಗೆ ಹತ್ತಿದ.

ಛತ್ರಿಯ ಪಕ್ಕದಲ್ಲಿ ಅಪ್ಪನ ಆಂಟೆನಾ ಇನ್ನೂ ನಿಂತಿತ್ತು. ಅದರ ತಂತಿ ಕಡಿದು ಎಷ್ಟೋ ವರ್ಷವಾಗಿತ್ತು. ಕಾಗೆಗೆ ಬೇಕಾಗುತ್ತದೆಂದು ಬಿಟ್ಟಿದ್ದರು. ಅಪ್ಪ ಇಲ್ಲಿ ನಿಂತು ಕೊಳವೆ ತಿರುಗಿಸುತ್ತಿದ್ದ, "ಬಂತೇನ್ರೋ?" ಎಂದು ಕೂಗುತ್ತಿದ್ದ. ಏಣಿಯ ಬುಡದಲ್ಲಿ ಪರಶುರಾಮ, ಅಂಗಳದಲ್ಲಿ ಕೇದಾರಿ, ಟಿವಿಯ ಮುಂದೆ ಅವ್ವ. "ಮೈ ಬಂತು, ಮಾರಿ ಬಂದಿಲ್ಲಾ!" ಎಂದು ಅವ್ವ ಅನ್ನುವುದು, ಆ ಮಾತು ಬಾಯಿಂದ ಬಾಯಿಗೆ ಮೇಲೇರುವುದು. ಮುಖ ಬರುವ ಹೊತ್ತಿಗೆ ಕಾರ್ಯಕ್ರಮ ಮುಗಿದಿರುತ್ತಿತ್ತು. ಯಾರೂ ಎದ್ದು ಹೋಗುತ್ತಿರಲಿಲ್ಲ.

ಕೇದಾರಿ ತುಕ್ಕು ಹಿಡಿದ ಕೊಳವೆಯನ್ನು ಎರಡೂ ಕೈಯಿಂದ ಹಿಡಿದು ತಿರುಗಿಸಿದ. ಅದು ಕಿರ್ ಎಂದಿತು. ಕಾಗೆ ಹಾರಿತು.

"ಬಂತೇನ್ರೋ?" ಎಂದು ಕೂಗಿದ. ದನಿ ಅಪ್ಪನದಾಗಲಿಲ್ಲ. ತಿರುಗಿ ಕೂಗಿದ. "ಬಂತೇನ್ರೋ?"

ಉದ್ದವ್ವನ ಅಂಗಳದಲ್ಲಿ ನಾಯಿ ಕಿವಿ ನಿಮಿರಿಸಿತು. ಆಮೇಲೆ ಕೆಳಗಿಂದ, ಗೋಡೆಗಳನ್ನೆಲ್ಲ ದಾಟಿ, ಗಂಡೋ ಹೆಣ್ಣೋ ತಿಳಿಯದ ಒಂದು ದನಿ ಬಂತು:

"ಬಂತು! ಬಂತು!"

ಅಡಾಪ್ಟರ್ ಅವನ ಕಿಸೆಯಲ್ಲಿ ಇನ್ನೂ ಬೆಚ್ಚಗಿತ್ತು. ಕೈ ಸಡಿಲಿಸಿದರೆ ಹೋಗಿಬಿಟ್ಟೀತೆಂದು ಕೇದಾರಿ ಕೊಳವೆಯನ್ನು ಅಲುಗದಂತೆ ಹಿಡಿದು ನಿಂತ. ಹೊತ್ತು ಇಳಿಯಿತು. ದೂರದಿಂದ ನೋಡಿದವರಿಗೆ ಆ ಮಾಳಿಗೆಯ ಮೇಲೆ ಒಂದು ಛತ್ರಿ, ಎರಡು ಆಂಟೆನಾ ಕಂಡವು.

ಕೆಳಗೆ ಇದ್ದದ್ದು ಮೂರು ಕೋಣೆ, ನಾಲ್ಕು ಮಂದಿ. ಬಾರದ್ದನ್ನು ಬಂತೆಂದವರು ಯಾರು? ನೀವೇ ಹೇಳಿ ನೋಡೋಣ.