ತಾತ್ಯಾಸಾಹೇಬರ ಕಿವಿಗೊಂದು ಕಾರಂಜಿ

ಕಾರಂಜಿ ಕೊಳ್ಳಲು ಹೋದವರು ಕಣ್ಣರಳಿಸಿ ನೋಡುವುದು ಲೋಕರೂಢಿ. ರತ್ನಮಾಲಾಬಾಯಿ ಮಾತ್ರ ಕೊಲ್ಹಾಪುರದ ಆ ಅಂಗಡಿಯ ಅಂಗಳದ ನಟ್ಟನಡುವೆ ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟಿದ್ದರು. ಸುತ್ತಲೂ ಸೊಂಡಿಲಿನಿಂದ ನೀರು ಚಿಮ್ಮುವ ಆನೆಗಳು, ದಳದಳಕ್ಕೂ ನೀರಿಳಿಸುವ ಕಮಲಗಳು, ಮೈತುಂಬ ದೀಪ ಹೊತ್ತಿಸಿಕೊಂಡು ಮದುಮಗಳ ಹಾಗೆ ಮೆರೆಯುವ ಮೂರಂತಸ್ತಿನ ಕಾರಂಜಿಗಳು. ಯಾವುದನ್ನೂ ಅವರು ನೋಡಲೊಲ್ಲರು.

"ಹೇ ಬಘಾ ಕಾಕೂ," ಎಂದು ಮರಾಠಿಯಲ್ಲಿ ಶುರು ಮಾಡಿದ ಅಂಗಡಿಯ ಬಾಬಾಸಾಹೇಬ, ಅವರು ಸೊಸೆಯೊಂದಿಗೆ ಆಡುವ ಮಾತು ಕಿವಿಗೆ ಬಿದ್ದೊಡನೆ ಕನ್ನಡಕ್ಕೆ ಹೊರಳಿದ. "ಈ ಲೈಟ್ ನೋಡ್ರಿ, ಎಷ್ಟ ಬಣ್ಣ ಅದಾವ!"

"ಲೈಟ್ ಬಂದ್ ಮಾಡ್ರಿ. ನನಗ ನೀರಿನ ಸಪ್ಪಳಾ ಕೇಳಸ್ರಿ."

ಬಾಬಾಸಾಹೇಬ ಅವರ ಜೊತೆಗಿದ್ದ ಸೊಸೆ ಹರ್ಷದಾಳ ಮುಖ ನೋಡಿದ. ಹರ್ಷದಾ ಮುಸಿಮುಸಿ ನಗುತ್ತ, "ಅತ್ತಿ ಹೇಳಿದಂಗ ಮಾಡ್ರಿ," ಎಂದಳು. ನಗು ಬರುತ್ತಿದ್ದರೂ ಅವಳಿಗೆ ಸಂಗತಿ ಗೊತ್ತಿತ್ತು.

ರತ್ನಮಾಲಾಬಾಯಿ ಮಗ್ಗಗಳ ಊರಾದ ಯಡ್ರಾವಕ್ಕೆ ಸೊಸೆಯಾಗಿ ಬಂದ ದಿನದಿಂದ ಮನೆಯ ಗೋಡೆಗೆ ಅಂಟಿಕೊಂಡೇ ಮಗ್ಗದ ಶೆಡ್ಡು ಇತ್ತು. ಹಗಲೂ ರಾತ್ರಿ ಖಟಖಟ. ಗಂಡ ಹೆಂಡತಿ ಪ್ರೀತಿಯ ಮಾತನ್ನೂ ಕೂಗಿಯೇ ಆಡಬೇಕು, ಅದು ಓಣಿಗೆಲ್ಲ ಕೇಳಬೇಕು! ಹೋದ ದೀಪಾವಳಿಗೆ ಮಗ ಮಗ್ಗಗಳನ್ನು ಊರ ಹೊರಗಿನ ಹೊಸ ಶೆಡ್ಡಿಗೆ ಸಾಗಿಸಿದ. ಖಾಲಿಯಾದ ಜಾಗದಲ್ಲಿ ರತ್ನಮಾಲಾಬಾಯಿ ಮಲ್ಲಿಗೆ, ದಾಸವಾಳ ಹಚ್ಚಿದರು, ಎರಡು ಕುರ್ಚಿ ಹಾಕಿದರು. ಇನ್ನಾದರೂ ಸಂಜೆ ಹೊತ್ತು ಗಂಡನ ಪಕ್ಕ ಕೂತು ಮೆಲ್ಲಗೆ ನಾಲ್ಕು ಮಾತು ಆಡಬಹುದೆಂದು ಜೀವ ಹಿಗ್ಗಿತ್ತು. ಆದರೆ ಮಗ್ಗಗಳು ಹೋಗುವಾಗ ಗಂಡ ತಾತ್ಯಾಸಾಹೇಬರ ಕಿವಿಯನ್ನೂ ಕಟ್ಟಿಕೊಂಡು ಹೋಗಿದ್ದವು.

ಇದನ್ನು ತಾತ್ಯಾಸಾಹೇಬರು ಒಪ್ಪಬೇಕಲ್ಲ! "ನನ್ನ ಕಿವಿ ಗಟ್ಟಿ ಅದಾವ. ನೀವಽ ಎಲ್ಲಾರೂ ಬಾಯಾಗಽ ಗುಣಗುಣ ಅಂತೀರಿ," ಎನ್ನುವರು. ಮಗ ತಂದುಕೊಟ್ಟ ಕಿವಿಯ ಯಂತ್ರ ಕಪಾಟು ಸೇರಿತು. ಅವರು ಒಳಗೆ ಪೇಪರು ಹಿಡಿದು ಕೂತರೆ ಅಲ್ಲಿಯೇ ಠಿಕಾಣಿ. ಅಂಗಳದ ಕುರ್ಚಿ ಖಾಲಿ. ಹೆಂಡತಿಗೆ ಸಿಟ್ಟು ಬಂತು, ಅಳು ಬಂತು, ಕೊನೆಗೆ ಹಟ ಬಂತು. ಮಾತು ಕೇಳಿಸದಿದ್ದರೆ ಹೋಗಲಿ, ನೀರಿನ ಸದ್ದು ಕೇಳಿಸಿಯೇ ಈ ಮನುಷ್ಯನನ್ನು ಹೊರಗೆ ಎಳೆಯುತ್ತೇನೆ ಎಂದು ಪಣ ತೊಟ್ಟರು.

ಅಂಗಡಿಯಲ್ಲಿ ಒಂದಾದ ಮೇಲೊಂದು ಕಾರಂಜಿ ಹರಿಸಿದ್ದಾಯಿತು. ಆನೆ ಬರೀ ಬುಸುಗುಟ್ಟಿತು. ಕಮಲ ಪಿಚಕ್ಕೆಂದಿತು. ಮೂಲೆಯ ಒಂದು ಸಣ್ಣ ಕಲ್ಲಿನ ಕಾರಂಜಿ ಮಾತ್ರ ಬೆಳ್ಳಿಯ ಗೆಜ್ಜೆ ಅಲುಗಿದಂತೆ ಕಿಣಿಕಿಣಿ ಎಂದಿತು ನೋಡಿ, ರತ್ನಮಾಲಾಬಾಯಿ ಕಣ್ಣು ತೆರೆದರು. "ಇದಽ! ಇದಽ ಬೇಕು!"

"ಛಲೋ ಆರಿಸಿದ್ರಿ," ಎಂದ ಬಾಬಾಸಾಹೇಬ. "ಭಾಳ ಮಂದಿ ಚಿಮ್ಮೂದಽ ನೋಡ್ತಾರ. ನೀರ ಎಷ್ಟ ಎತ್ತರ ಏಳತೈತಿ, ಸುತ್ತ ತೊಟ್ಟಿ ಅದಕ್ಕಿಂತ ಅಗಲ ಇರಬೇಕ್ರಿ, ಇಲ್ಲಾಂದ್ರ ಗಾಳಿಗೆ ನೀರೆಲ್ಲಾ ಹೊರಗ. ಪಂಪ್ ಯಾವತ್ತೂ ನೀರಾಗ ಮುಳುಗಿರಬೇಕು. ಒಣಾ ಓಡಿತೋ, ಸುಟ್ಟಂಗಽ. ಪಂಪಿನ ಬಾಯಾಗಿನ ಜಾಳಿಗಿ ಮಾತ್ರ ತಪ್ಪದಂಗ ತೊಳೀರಿ."

ಮರುದಿನ ಅಂಗಳದಲ್ಲಿ ಕಾರಂಜಿ ನಿಂತಿತು. ಅತ್ತೆ ಸೊಸೆ ಸೇರಿ ತಾತ್ಯಾಸಾಹೇಬರನ್ನು ಕೈಹಿಡಿದು ಕರೆತಂದರು. ನೀರು ಕಿಣಿಕಿಣಿ ಎನ್ನುತ್ತಿತ್ತು. ಅವರು ಅದನ್ನು ಒಮ್ಮೆ ಮೇಲಿನಿಂದ ಕೆಳಗೆ, ಒಮ್ಮೆ ಕೆಳಗಿನಿಂದ ಮೇಲೆ ನೋಡಿದರು. "ಚಂದ ಐತಿ," ಎಂದರು. "ಆದ್ರ ಮೂಕ ಐತಿ." ಹಾಗೆಂದು ಒಳಗೆ ನಡೆದುಬಿಟ್ಟರು.

ರತ್ನಮಾಲಾಬಾಯಿಯ ಮುಖ ಸಣ್ಣದಾಯಿತು. ನನ್ನ ಕಿವಿಗೆ ಹಿಡಿಸಿದ್ದನ್ನು ಗಂಡನ ಕಿವಿಗೆ ತಂದೆನಲ್ಲ ಎಂದು ತಮ್ಮ ಮೇಲೆಯೇ ರೇಗಿದರು.

ಸಾಲದ್ದಕ್ಕೆ ಕಾರಂಜಿ ನಿಜವಾಗಿಯೂ ಮೂಕವಾಗತೊಡಗಿತು. ಯಡ್ರಾವದಲ್ಲಿ ಗಾಳಿ ಕೂಡ ಹತ್ತಿಯ ಎಳೆ ಹೊತ್ತುಕೊಂಡೇ ಬೀಸುತ್ತದೆ. ನೆರೆಯ ಶೆಡ್ಡುಗಳಿಂದ ಹಾರಿದ ಧೂಳುಹತ್ತಿ ತೊಟ್ಟಿಯಲ್ಲಿ ಇಳಿದು ಪಂಪಿಗೆ ಸುತ್ತಿಕೊಂಡಿತು. ರತ್ನಮಾಲಾಬಾಯಿ ಸುಮ್ಮನಿರುವವರೆ? ಅವರದು ಜೈನರ ಮನೆ. ಕುಡಿಯುವ ನೀರನ್ನು ಎರಡು ಮಡಿಕೆಯ ಅರಿವೆಯಲ್ಲಿ ಸೋಸುವುದು, ಅರಿವೆಯಲ್ಲಿ ಉಳಿದ ಸೂಕ್ಷ್ಮ ಜೀವಗಳು ಸಾಯಬಾರದೆಂದು ಆ ಅರಿವೆಯನ್ನು ಅವು ಬಂದ ನೀರಿನಲ್ಲೇ ಜಾಲಿಸಿಬಿಡುವುದು ಹುಟ್ಟಿನಿಂದ ಬಂದ ರೂಢಿ. ಅಂಥದೇ ಅರಿವೆಯನ್ನು ಪಂಪಿಗೂ ಕಟ್ಟಿದರು. ದಿನಾ ಬಿಚ್ಚಿ ಭಕ್ತಿಯಿಂದ ಅದೇ ತೊಟ್ಟಿಯಲ್ಲಿ ಜಾಲಿಸಿ ಮತ್ತೆ ಕಟ್ಟಿದರು. ಪಂಪು ಉಬ್ಬಸ ಬಂದವರ ಹಾಗೆ ಏದುಸಿರು ಬಿಟ್ಟಿತು.

"ಅತ್ತಿ, ಏನ ಮಾಡಾಕತ್ತೀರಿ?" ಹರ್ಷದಾ ಹಣೆ ಚಚ್ಚಿಕೊಂಡಳು. "ತಗದ ಹತ್ತಿ ಎಲ್ಲಾ ಹೊಳ್ಳಿ ಅದರಾಗಽ ಬಿಡಾಕತ್ತೀರಲ್ಲಾ!"

ಅತ್ತೆ ಕೈಯಲ್ಲಿದ್ದ ಅರಿವೆ ನೋಡಿದರು, ತೊಟ್ಟಿ ನೋಡಿದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹತ್ತಿಯನ್ನು ಬೆರಳಿನಿಂದ ಹೆಕ್ಕಿ ತೆಗೆಯುವುದು, ಆಮೇಲೆ ಅರಿವೆ ಜಾಲಿಸುವುದು, ಪಂಪಿಗೆ ಜಾಳುಜಾಳಾದ ದೊಡ್ಡ ಚೀಲ ಕಟ್ಟುವುದು ಎಂದು ತೀರ್ಮಾನವಾಯಿತು. ತೊಟ್ಟಿ ತೊಳೆಯಲು ಹರ್ಷದಾ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಎತ್ತಿ ಬಚ್ಚಲಿನ ಬಾಗಿಲಲ್ಲಿದ್ದ ತಾಮ್ರದ ಹಂಡೆಗೆ ಮೇಲಿನಿಂದ ಸುರಿದಳು. ಅರ್ಧ ತುಂಬಿದ ಹಂಡೆ ದುಬುಬುಬು ಎಂದಿತು.

ಪಡಸಾಲೆಯಲ್ಲಿ ಬೆನ್ನು ಹಾಕಿ ಪೇಪರು ಓದುತ್ತಿದ್ದ ತಾತ್ಯಾಸಾಹೇಬರು ಕತ್ತು ಹೊರಳಿಸಿದರು. "ಏನ ಬಿತ್ತು?"

ರತ್ನಮಾಲಾಬಾಯಿ ಕೈಯಲ್ಲಿದ್ದ ಅರಿವೆ ಬಿಟ್ಟು ಎದ್ದರು. ಕೇಳಿಸಿದೆ! ಸೊಸೆಯ ರಟ್ಟೆ ಹಿಡಿದು ಬಚ್ಚಲೊಳಗೆ ಎಳೆದರು. ಆಮೇಲೆ ಶುರುವಾಯಿತು ನೋಡಿ ಪರೀಕ್ಷೆ! ಸ್ಟೀಲಿನ ಕೊಡಕ್ಕೆ ಸುರಿದರು, ತಾತ್ಯಾಸಾಹೇಬರು ಅಲುಗಲಿಲ್ಲ. ಹಿಟ್ಟು ನಾದುವ ಪರಾತಕ್ಕೆ ಸುರಿದರು, ಅವರು ಪೇಪರಿನ ಪುಟ ತಿರುಗಿಸಿದರು. ಮತ್ತೆ ಹಂಡೆ, ಮತ್ತೆ ಕತ್ತು ಹೊರಳಿತು! ಸಣ್ಣ ದನಿಗಳಿಗೆ ಮುಚ್ಚಿದ ಕಿವಿಯ ಬಾಗಿಲು ದಪ್ಪ ದನಿಗೆ ಇನ್ನೂ ತೆರೆದಿತ್ತು. ಹಂಡೆ ತುಂಬಿದರೆ ಮಾತ್ರ ದನಿ ಸತ್ತುಹೋಗುತ್ತಿತ್ತು. ಅರ್ಧ ಖಾಲಿ ಇರುವಾಗಲೇ ಅದರ ಗುಟುರು.

"ದೊಡ್ಡ ಹಂಡೆ ಬೇಕು ಹರ್ಷದಾ, ಇದರಪ್ಪನಂಥಾದ್ದು!"

"ನಮ್ಮ ತವರಮನ್ಯಾಗ ಐತ್ರಿ ಅತ್ತಿ!"

ಮಾರನೆಯ ಬೆಳಿಗ್ಗೆಯೇ ಕಾರು ಗಡಹಿಂಗ್ಲಜದ ದಾರಿ ಹಿಡಿಯಿತು. ಮದುವೆ ಮುಂಜಿಗಳಲ್ಲಿ ಊರಿಗೆಲ್ಲ ನೀರು ಕಾಸುತ್ತಿದ್ದ ಹಂಡೆ ಅಟ್ಟದ ಮೇಲೆ ಕವುಚಿ ಬಿದ್ದಿತ್ತು. ಹರ್ಷದಾಳ ತಾಯಿ ನೂತನಬಾಯಿ, "ಒಯ್ರಿ ಬೀಗತಿ, ಅಟ್ಟಾದ್ರೂ ಖಾಲಿ ಆಗಲಿ," ಎಂದು ನಕ್ಕರು. ತಾಮ್ರಗಾರನ ಹತ್ತಿರ ಹಂಡೆಯ ಹೊಟ್ಟೆಗೆ ಸರಿಯಾಗಿ ಅರ್ಧದಲ್ಲಿ ತೂತು ಹೊಡೆಸಿದರು. ಎಷ್ಟು ನೀರು ಬಿದ್ದರೂ ಹಂಡೆ ತುಂಬಬಾರದು, ಹೆಚ್ಚಿದ್ದು ತೂತಿನಿಂದ ಕೆಳಗಿನ ತೊಟ್ಟಿಗೆ ಇಳಿಯಬೇಕು. ಹಿಂದಿನ ಸೀಟಿನಲ್ಲಿ ಹಂಡೆ ಕೂರಿಸಿ ಬೆಲ್ಟು ಕಟ್ಟಿದರು. ದಾರಿಯುದ್ದಕ್ಕೂ ಅತ್ತೆ ತಿರುತಿರುಗಿ ನೋಡುತ್ತ, "ಸಾವಕಾಶ ಹೊಡಿ, ತಗ್ಗ ಐತಿ," ಎನ್ನುತ್ತಲೇ ಇದ್ದರು.

ತಾತ್ಯಾಸಾಹೇಬರು ಮಧ್ಯಾಹ್ನದ ನಿದ್ದೆಗೆ ಹೋದ ಹೊತ್ತು ನೋಡಿ ಕೆಲಸ ನಡೆಯಿತು. ಬಾಬಾಸಾಹೇಬ ಕಳಿಸಿದ ದೊಡ್ಡ ಪಂಪನ್ನು ಜಾಳು ಚೀಲದಲ್ಲಿ ತೊಟ್ಟಿಯೊಳಗೆ ಮುಳುಗಿಸಿ, ಹಂಡೆಯನ್ನು ಕಿಟಕಿಯ ಕೆಳಗೆ ಅದೇ ತೊಟ್ಟಿಯ ನಡುವೆ ನಿಲ್ಲಿಸಿ, ಅದರ ಮೇಲೆ ಬಾಗುವ ಹಾಗೆ ಕೊಳವೆ ಕೂರಿಸಿದರು. ಹರ್ಷದಾ ಗುಂಡಿ ಒತ್ತಿದಳು. ನೀರು ಏರಿ, ಬಾಗಿ, ಹಂಡೆಯ ಕಂಠಕ್ಕೆ ಬಡಿದು ಚರಚರ ಎಂದಿತು.

"ಅಯ್ಯ, ಇದಲ್ಲ!" ರತ್ನಮಾಲಾಬಾಯಿ ಸೀರೆ ಎತ್ತಿಕಟ್ಟಿ, ಮೈಯೆಲ್ಲ ತೊಯ್ದರೂ ಲೆಕ್ಕಿಸದೆ ಕೊಳವೆಯನ್ನು ಬೆರಳಿನಷ್ಟು ಸರಿಸಿದರು. ನೀರು ಹಂಡೆಯ ನಡುಮಧ್ಯಕ್ಕೆ ನೇರವಾಗಿ ಬಿತ್ತು. ದುಬು, ದುಬು, ದುಬುದುಬು! ಅಂಗಳವೇ ಗುಟುರು ಹಾಕಿದಂತಾಯಿತು.

ಇಬ್ಬರೂ ಕಿಟಕಿಯನ್ನೇ ನೋಡುತ್ತ ನಿಂತರು. ಒಳಗೆ ಸದ್ದಿಲ್ಲ. ಹರ್ಷದಾ ಅತ್ತೆಯ ಒದ್ದೆ ಕೈ ಹಿಡಿದಳು. ಇದೂ ಆಗದಿದ್ದರೆ ಇನ್ನು ಯಾವ ನೀರು ಹುಡುಕಲಿ ಎಂದುಕೊಂಡರು ರತ್ನಮಾಲಾಬಾಯಿ.

"ಯಾರದು?" ಒಳಗಿನಿಂದ ಗುಡುಗು ಬಂತು. "ನಳಾ ಬಿಟ್ಟ ಹೋಗ್ಯಾರ! ನೀರ ಹರದ ಹೋಗಾಕತ್ತೇತಿ!"

ಬಾಗಿಲು ಧಡಾರನೆ ತೆರೆಯಿತು. ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಧೋತರದ ಚುಂಗು ಹಿಡಿದುಕೊಂಡು ತಾತ್ಯಾಸಾಹೇಬರು ಅಂಗಳಕ್ಕೆ ಧಾವಿಸಿದರು. "ಅಲ್ಲಾ, ಇಷ್ಟ ದುಬುದುಬು ಅನ್ನಾಕತ್ತೇತಿ, ಇಲ್ಲೇ ಗೊಂಬಿ ನಿಂತಂಗ ನಿಂತೀಯಲ್ಲಾ! ಕಿವಿ ಕೇಳಂಗಿಲ್ಲೇನ ನಿನಗ?"

ಹರ್ಷದಾ ಬಾಯಿ ತೆರೆದಳು. ಅತ್ತೆ ಅವಳ ಕೈ ಚಿವುಟಿದರು. ಮುಖದ ಮೇಲೆ ಇಳಿಯುತ್ತಿದ್ದುದು ಕಾರಂಜಿಯ ನೀರೋ ಕಣ್ಣೀರೋ ಅವರಿಗೇ ತಿಳಿಯದು.

"ಇಲ್ರಿ," ಎಂದರು ರತ್ನಮಾಲಾಬಾಯಿ ಗಟ್ಟಿಯಾಗಿ. "ನನಗ ಒಂಚೂರೂ ಕೇಳವಲ್ದು. ನೀವಽ ಕೇಳಿ ಹೇಳ್ರಿ, ಹೆಂಗ ಐತಿ?"

ತಾತ್ಯಾಸಾಹೇಬರು ಹೆಂಡತಿಯನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದರು. ಎರಡೂ ಕುರ್ಚಿಗಳನ್ನು ಹಂಡೆಯ ಹತ್ತಿರ ಎಳೆದುಕೊಂಡು, ಒಂದರಲ್ಲಿ ಅವರನ್ನು ಕೂರಿಸಿ, ಇನ್ನೊಂದರಲ್ಲಿ ತಾವು ಕೂತರು. ಆಮೇಲೆ ಹೆಂಡತಿಯ ಕಿವಿಗೆ ಬಾಯಿ ಹತ್ತಿಸಿ, ಕಿವುಡರಿಗೆ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳತೊಡಗಿದರು.